ನೆಲಮಾಳಿಗೆಯ ಸದ್ದು ಯಾವ ವಿಭಾಗದ್ದು?

ಬೀದಿದೀಪ ಇಲಾಖೆಯ ಕೇಂದ್ರ ಕಚೇರಿಯ ನೆಲಮಾಳಿಗೆಯಲ್ಲಿ ಮುಸುಕುಧಾರಿ ಕೊಲೆಗಾರನೊಬ್ಬ ಬೀಡುಬಿಟ್ಟಿದ್ದಾನೆ ಎಂಬುದನ್ನು ಆಡಳಿತ ಯಾವತ್ತೂ ನಿರಾಕರಿಸಿಲ್ಲ. ಹೋಗಿ ನೋಡಲು ಯಾರಿಗೂ ಪುರುಸೊತ್ತಾಗಿರಲಿಲ್ಲ, ಅಷ್ಟೆ.

ಮುಸುಕಪ್ಪನ ಕಸುಬಿಗೆ ಬಂಡವಾಳ ಜಾಸ್ತಿ ಬೇಡ. ಕತ್ತಲಲ್ಲಿ ಏನೋ ಸದ್ದಾದಾಗ "ಯಾರದು?" ಎನ್ನುತ್ತಾ ಒಂಟಿಯಾಗಿ ಇಳಿದುಬರುವ ಒಂದು ಜೀವ ಸಾಕು. ಅವನ ಷಡ್ಡಕನಿಗೆ ಕಾಲೇಜು ಹಾಸ್ಟೆಲ್ ಸಿಕ್ಕಿತ್ತು. ಅಲ್ಲಿ ಸದ್ದಾಗದಿದ್ದರೂ ಹುಡುಗರು ಟಾರ್ಚು ಹಿಡಿದು ತಾವಾಗಿಯೇ ಬರುತ್ತಾರಂತೆ. ಮುಸುಕಪ್ಪನ ಪಾಲಿಗೆ ಬಂದದ್ದು ಈ ಕಚೇರಿ. ಇಲ್ಲಿ ಯಾವ ಕೆಲಸಕ್ಕೂ ಒಬ್ಬರೇ ಹೋಗುವ ಪದ್ಧತಿಯಿಲ್ಲ. ಕಾಫಿಗೆ ಹೋದರೆ ಇಡೀ ವಿಭಾಗ. ಬಲ್ಬು ಬದಲಿಸಲು ಒಬ್ಬ ಹತ್ತುವವ, ಒಬ್ಬ ಏಣಿ ಹಿಡಿಯುವವ, ಒಬ್ಬ ಹುಷಾರು ಎನ್ನುವವ.

ಮುಖವಾಡ ಮಾವನವರದು. ನಿವೃತ್ತರಾಗುವಾಗಲೇ ಹೇಳಿದ್ದರು, "ಅಳಿಯಂದ್ರೇ, ವರ್ಷದೊಳಗೆ ಒಂದಾದ್ರೂ ಬೋಣಿ ಆಗ್ಬೇಕು. ಇಲ್ಲಾಂದ್ರೆ ಮುಖವಾಡ ಚಿಕ್ಕ ಅಳಿಯನಿಗೆ." ವರ್ಷ ಮುಗಿಯುತ್ತ ಬಂದಿತ್ತು. "ತಂಗಿ ಎದುರು ತಲೆ ಎತ್ತೋ ಹಾಗಿಲ್ಲ ರೀ" ಎಂದು ಹೆಂಡತಿ ಫೋನಿನಲ್ಲಿ ಮೂಗು ಸೀಟಿದ್ದಳು.

ಅಂದು ಊಟದ ಹೊತ್ತಿಗೆ ಅವನು ಮರ ಕೊಯ್ಯುವ ಯಂತ್ರವನ್ನು ಚಾಲೂ ಮಾಡಿದ. ಮೇಲೆ ಲೋಟಗಳು ನಡುಗಿದವು.

"ಏನೋ ಸದ್ದು," ಎಂದರು ಗುಮಾಸ್ತರು.

"ಸದ್ದು ನಮಗೆ ಬರಲ್ಲ. ನಮ್ದು ಬೆಳಕು," ಎಂದರು ಹೆಡ್ ಕ್ಲಾರ್ಕ್ ಮೇಡಂ.

ಸಂಜೆಯೊಳಗೆ ಸುತ್ತೋಲೆ ಹೊರಟಿತು: "ನೆಲಮಾಳಿಗೆಯ ಗರಗಸದ ಸದ್ದು ಕಚೇರಿ ವೇಳೆಯಲ್ಲಿ ಮಾತ್ರ ಉಂಟಾಗತಕ್ಕದ್ದು. ಊಟದ ವಿರಾಮದಲ್ಲಿ ನಿದ್ರಿಸುವ ಸಿಬ್ಬಂದಿಗೆ ಭಂಗ ತರತಕ್ಕದ್ದಲ್ಲ."

ಮುಸುಕಪ್ಪ ಮೇಲಿನ ಕಚೇರಿಗೆ ಫೋನು ಮಾಡಿ, ದನಿ ದಪ್ಪ ಮಾಡಿಕೊಂಡು, "ನಾನು ನಿನ್ನನ್ನೇ ನೋಡ್ತಾ ಇದ್ದೀನಿ," ಎಂದ.

"ನೋಡ್ತಾ ಇರಿ. ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ," ಎಂದು ಗುಮಾಸ್ತರು ಇಟ್ಟುಬಿಟ್ಟರು.

ಕೊನೆಗೆ ಅವನೇ ಕೊಡಲಿ ಹಿಡಿದು ಮೆಟ್ಟಿಲು ಹತ್ತಿದ. "ಎಲ್ಲರನ್ನೂ ಕೊಚ್ಚಿಹಾಕ್ತೀನಿ!"

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಎಲ್ಲರನ್ನೂ ಅಂದ್ರೆ ಆಗಲ್ಲ ಕಣಪ್ಪ. ಜ್ಯೇಷ್ಠತೆ ಪ್ರಕಾರ ಬಾ. ಮೊದಲು ನಾನು."

"ಯಾವಾಗ್ಲೂ ಸೀನಿಯರ್‌ಗಳಿಗೇ ಯಾಕೆ?" ಗುಮಾಸ್ತರು ಸಿಡಿದರು. "ಡ್ಯೂಟಿ ಮೇಲೆ ಸತ್ರೆ ಮಕ್ಕಳಿಗೆ ಕೆಲಸ ಸಿಗುತ್ತೆ. ನಿಮ್ಮ ಮಗಳು ಆಗ್ಲೇ ಡಾಕ್ಟ್ರು. ನನ್ನ ಮಗ ಮನೇಲಿ ಬಿದ್ಕೊಂಡಿದ್ದಾನೆ!"

ಜಗಳ ಎಷ್ಟು ಕಾವೇರಿತೆಂದರೆ ಕೊಲೆಗಾರನನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಅವನು ಬೆಂಚಿನ ಮೇಲೆ ಕುಸಿದು ಬಿಕ್ಕಿದ. "ಅಕ್ಕಾ, ಯಾರಾದ್ರೂ ಒಬ್ಬರನ್ನ ಕೊಡಿ. ಷಡ್ಡಕನ ಮುಂದೆ ಮರ್ಯಾದೆ ಹೋಗುತ್ತೆ."

ಕಚೇರಿ ಕರಗಿಹೋಯಿತು. ಷಡ್ಡಕ ಯಾರಿಗಿಲ್ಲ?

"ದೀಪದ ಮೇಲ್ವಿಚಾರಕರು ಇದ್ದಾರಲ್ಲ," ಎಂದರು ಮೇಡಂ ಯೋಚಿಸಿ. "ಅವರು ಈ ಬಾಗಿಲು ತುಳಿದು ವರ್ಷಗಳಾಯ್ತು. ಬದುಕಿದ್ದಾರೆ ಅನ್ನೋದಕ್ಕೆ ಆಧಾರ ಏನು? ಸಂಬಳ ತಗೊಳ್ತಾರೆ, ಅಷ್ಟೇ ತಾನೆ?"

ಆ ಸಂಜೆಯೇ ಪ್ರಮಾಣಪತ್ರ ಸಿದ್ಧವಾಯಿತು: "ಸದರಿ ಮೇಲ್ವಿಚಾರಕರನ್ನು ನೆಲಮಾಳಿಗೆಯಲ್ಲಿ ನಿಯಮಾನುಸಾರ ಹತ್ಯೆ ಮಾಡಲಾಗಿದೆ. ಕೆಲಸ ತೃಪ್ತಿಕರ."

ಸಂತಾಪ ಸಭೆಗೆ ಮಾವನವರು ಖುದ್ದಾಗಿ ಬಂದರು. ಹಳೇ ಕಸುಬುದಾರರು, ಕಾಗದ ನಂಬುವವರಲ್ಲ. "ಅಳಿಯಂದ್ರೇ, ಹೆಣ ಎಲ್ಲಿ?"

ಮುಸುಕಪ್ಪ ಬೆರಳು ತೋರಿಸಿದ. "ಮುಂದಿನ ಸಾಲಲ್ಲಿ ಕೂತಿದ್ದಾರೆ, ಮಾವ."

ತಮ್ಮ ಮಗನಿಗೆ ಕೆಲಸವಾಗುತ್ತದೆಂದು ಸುದ್ದಿ ಮುಟ್ಟಿದ್ದೇ ತಡ, ಮೃತರು ಇಸ್ತ್ರಿ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಈಗ ಎದ್ದು ಮಾವನವರಿಗೆ ಕೈಮುಗಿದರು. "ನಿಮ್ಮ ಅಳಿಯಂದ್ರು ಬಹಳ ನಾಜೂಕಾಗಿ ಮಾಡಿದ್ರು ಸಾರ್. ನನಗೆ ಗೊತ್ತೇ ಆಗ್ಲಿಲ್ಲ."

ಮಾವನವರ ಕಣ್ಣು ಒದ್ದೆಯಾಯಿತು. ಅಳಿಯನ ಮುಖವಾಡವನ್ನು ತಾವೇ ನೆಟ್ಟಗೆ ಮಾಡಿ, "ಇದು ನಿನ್ನದೇ ಕಣಯ್ಯ," ಎಂದರು. "ನಮ್ಮ ಕಾಲದಲ್ಲಿ ಸತ್ತವರ ಬಾಯಲ್ಲಿ ಒಂದು ಒಳ್ಳೇ ಮಾತು ಬರ್ತಿರಲಿಲ್ಲ."

ಮೌನಾಚರಣೆಗೆ ಎಲ್ಲರೂ ಎದ್ದು ನಿಂತರು. ಮೃತರು ಗಡಿಯಾರ ನೋಡಿಕೊಂಡು, "ಸ್ವಲ್ಪ ಬೇಗ ಮುಗಿಸಿ, ನನಗೆ ಬಸ್ಸಿದೆ," ಎಂದರು.

ಅದು ನ್ಯಾಯವಾದ ಮಾತೆಂದು ಸಭೆಗೆ ಅನ್ನಿಸಿತು.