ಯಜಮಾನರಿಗೆ ತೋರಿಸಿದ ಗಣಿಯ ಸಿನಿಮಾ

ಗಂಡಂದಿರಿಗೆ ಬುದ್ಧಿ ಹೇಳಬೇಕಾದರೆ ನೇರವಾಗಿ ಹೇಳಬಾರದು, ಬೇರೆ ಯಾರದೋ ಕಥೆಯಲ್ಲಿಟ್ಟು ಹೇಳಬೇಕು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಪುರಾಣಗಳು ಇರುವುದೇ ಅದಕ್ಕಲ್ಲವೇ? ಆದರೆ ನಮ್ಮ ಯಜಮಾನರು ಪುರಾಣ ಶುರುವಾದರೆ ಕೂತಲ್ಲೇ ಗೊರಕೆ ಹೊಡೆಯುತ್ತಾರೆ. ಹಾಗಾಗಿ ಸಿನಿಮಾಕ್ಕೆ ಮೊರೆಹೋದೆ.

ಅವರು ಭೂವಿಜ್ಞಾನಿ. ನೈರೋಬಿಯ ಆಫೀಸಿನಲ್ಲಿ ನಕ್ಷೆಗಳನ್ನು ನೋಡಿ, ಸಂಜೆ ನ್ಗಾರಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದು ಕಾಫಿ ಕುಡಿಯುವ ಸಾಧು ಮನುಷ್ಯ. ಅಂಥವರಿಗೆ ತಾಂಜಾನಿಯಾ ಗಡಿಯ ಹತ್ತಿರ ಹೊಸದಾಗಿ ತೆರೆಯುವ ಚಿನ್ನದ ಗಣಿಗೆ ಮ್ಯಾನೇಜರಾಗಿ ಬನ್ನಿ ಎಂಬ ಕರೆ ಬಂತು. ಸೋಮವಾರ ಉತ್ತರ ಕೊಡಬೇಕು. ಅವರ ಮುಖದಲ್ಲಿ ಮದುವೆಯ ದಿನವೂ ಕಾಣದ ಕಳೆ. ಗಣಿ ಎಂದರೆ ಏನೆಂದು ನನಗೆ ಗೊತ್ತು. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ನೆಲದಡಿ ಏರ್‌ಬ್ಲಾಸ್ಟ್ ಆಗಿ ಬಂಡೆ ಸಿಡಿದರೆ ನಮ್ಮ ಅಡುಗೆಮನೆಯ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಅಪ್ಪ ಮೇಲೆ ಬಂದರೆಂಬ ಸುದ್ದಿ ತಿಳಿಯುವವರೆಗೆ ಅಮ್ಮ ಒಲೆ ಆರಿಸಿ ದೇವರ ಮುಂದೆ ನಿಂತಿರುತ್ತಿದ್ದಳು. ದೇವರು ದೊಡ್ಡವನು, ಅಪ್ಪ ಪ್ರತಿ ಸಲವೂ ಮೇಲೆ ಬಂದರು. ಆದರೆ ಒಳಗಿನ ಧೂಳು ಎದೆಯಲ್ಲೇ ಉಳಿಯಿತು. ಕೊನೆಕೊನೆಗೆ ಮಲಗಿದರೆ ಉಸಿರು ಸಿಗದೆ ಕೂತೇ ನಿದ್ದೆ ಮಾಡುತ್ತಿದ್ದರು.

"ಚಿನ್ನದ ಗಣಿ ಇರ್ಬೇಕು, ಕೊನೆಗೆ ಎಲ್ಲಾ ಹಾಳಾಗ್ಬೇಕು. ಅಂಥದ್ದೊಂದು ಸಿನಿಮಾ ಹುಡುಕೇ" ಎಂದು ಹೈಸ್ಕೂಲಿನಲ್ಲಿರುವ ಮಗಳು ಅನುವಿಗೆ ಹೇಳಿದೆ.

"ವೆರಿ ಚಿಯರ್‌ಫುಲ್, ಅಮ್ಮಾ" ಎಂದವಳು ಹಳೆಯ ಕೌಬಾಯ್ ಚಿತ್ರವೊಂದನ್ನು ತಂದಳು. ಭಾನುವಾರ ಊಟವಾದ ಮೇಲೆ, ಇವರಿಗೆ ನಿದ್ದೆ ಬಾರದಿರಲಿ ಎಂದು ವೆಂಕಟರಮಣನಿಗೆ ಕೈಮುಗಿದು ಕೂತೆ. ಅಷ್ಟನ್ನು ಅವನು ನಡೆಸಿಕೊಟ್ಟ.

ಮಾಮೂಲಿ ಕೌಬಾಯ್ ಚಿತ್ರದಲ್ಲಿ ಒಳ್ಳೆಯವನು ಯಾರೆಂದು ಟೋಪಿ ನೋಡಿಯೇ ಹೇಳಬಹುದು. ಇದರಲ್ಲಿ ಎಲ್ಲರ ಟೋಪಿಗೂ ಕೆಸರು. ಗತಿಯಿಲ್ಲದವನೊಬ್ಬ ಬೋಳು ಬೆಟ್ಟಕ್ಕೆ ಬಂದು, ಗಣಿ ತೋಡಿಸಿ, ಬೀದಿ ಹಾಕಿಸಿ, ಊರಿಗೆ ತನ್ನ ಹೆಸರಿಟ್ಟು, ದೂರದಿಂದ ದೊಡ್ಡದೊಂದು ಗಂಟೆ ತರಿಸುತ್ತಾನೆ. ಅಡ್ಡ ಬಂದವರನ್ನು ಊರು ಬಿಡಿಸುತ್ತಾನೆ.

"ನಾನು ಯಾರಿಗೋಸ್ಕರ ಬೇಡ್ಕೊಳ್ಲಿ? ಒಳ್ಳೆಯವ್ನು ಯಾರೇ?" ಎಂದೆ.

"ದೇರ್ ಈಸ್ ನೋ ಗುಡ್ ಗೈ, ಅಮ್ಮಾ. ದಟ್ಸ್ ದ ಪಾಯಿಂಟ್."

ಹೋಗಲಿ, ಆ ಕೆಸರೂರಿನಲ್ಲಿ ಕಿಟಕಿಯ ಬಿಳಿ ಪರದೆಗಳನ್ನು ಒಗೆಯುವ ಪುಣ್ಯಾತ್ಗಿತ್ತಿ ಯಾರೆಂದಾದರೂ ಹುಡುಕಿದೆ. ಅವಳೂ ಕಾಣಲಿಲ್ಲ. ಕೊನೆಗೆ ಚಿನ್ನ ಮುಗಿಯಿತು, ಜನ ಗಂಟುಮೂಟೆ ಕಟ್ಟಿದರು. ಆತ ಖಾಲಿ ಬೀದಿಯಲ್ಲಿ ಒಬ್ಬನೇ ಗಂಟೆ ಬಾರಿಸುತ್ತಿದ್ದ. ನನ್ನ ಕಣ್ಣು ತುಂಬಿತು. ಇವರ ಕಣ್ಣೂ ತುಂಬಿತ್ತು. ಗೆದ್ದೆ ಎಂದುಕೊಂಡೆ.

"ಎಂಥಾ ಗಂಡಸು ಕಣೇ!" ಎಂದರು ಇವರು, ಮೂಗೊರೆಸಿಕೊಂಡು. "ಏನೂ ಇಲ್ಲದ ಕಡೆ ಒಂದು ಊರನ್ನೇ ಕಟ್ಟಿಬಿಟ್ಟ!"

ಕಥೆಯನ್ನೆಲ್ಲ ಪಕ್ಕಕ್ಕಿಟ್ಟೆ. "ರೀ, ನಮ್ಮಪ್ಪ ಕೂತೇ ಹೋದ್ರು" ಎಂದೆ.

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಆಮೇಲೆ, "ನಂದು ಮೇಲಿನ ಆಫೀಸು ಕಣೇ, ದಿನಾ ಕೆಳಗಿಳಿಯೋ ಕೆಲಸ ಅಲ್ಲ. ಆದ್ರೂ ನೀನು ಬೇಡ ಅಂದ್ರೆ ನಾಳೆ ಬೇಡ ಅಂತ ಹೇಳ್ತೀನಿ. ಅವ್ರು ಕೊಡೋ ಕ್ವಾರ್ಟರ್ಸೂ ಬೇಡ ಅಂತೀನಿ" ಎಂದರು.

ಬೇಡ ಎನ್ನಲು ಬಾಯಿ ತೆರೆದೆ. ವೆಂಕಟರಮಣ ಸಾಕ್ಷಿ, ಅದನ್ನೇ ಹೇಳಬೇಕೆಂದಿದ್ದೆ. ಆದರೆ ಈ ಫ್ಲ್ಯಾಟಿನ ನಲ್ಲಿ ಒಣಗಿದಾಗಲೆಲ್ಲ ಕೆಳಗಿನಿಂದ ನೀರಿನ ಜೆರಿಕ್ಯಾನು ಹೊತ್ತು ಮೆಟ್ಟಿಲು ಹತ್ತಿ ಸೊಂಟ ಬಿದ್ದವಳ ಬಾಯಿ ಅದು. "ಕ್ವಾರ್ಟರ್ಸಲ್ಲಿ ನೀರು ದಿನವಿಡೀ ಬರತ್ತಾ?" ಎಂದುಬಿಟ್ಟಿತು.

"ಬರತ್ತಂತೆ. ಹಿತ್ತಲೂ ಇದೆಯಂತೆ."

ಅನು ನನ್ನನ್ನೇ ನೋಡುತ್ತಿದ್ದಳು. ಹಿತ್ತಲು ಎಷ್ಟು ದೊಡ್ಡದು ಎಂದು ಕೇಳಿದವಳೂ ನಾನೇ.