ರಾಹುವಿಲ್ಲದ ಊರಿನ ನಾಲ್ಕು ಗಂಟೆ

ಇದನ್ನು ಹೇಳಲು ಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಒಂದೂರಲ್ಲಿ ಬೆಳಗಾದಾಗ ಇನ್ನೊಂದೂರಲ್ಲಿ ಕತ್ತಲಾಗುವುದು ಹೇಗೆ ಎಂಬುದೆಲ್ಲ ತಿಳಿದವರು ಆಡಬೇಕಾದ ಮಾತು. ಎಲ್ಲಾದರೂ ಗಂಟೆ ಹಿಂದುಮುಂದಾಗಿದ್ದರೆ ಅದು ಹೇಳಿದವರ ತಪ್ಪೇ ಹೊರತು ಶಾಂಭವಿಯದಲ್ಲ. ಅವಳು ಪಾಪ, ಬಸ್ಸಿಗೆ ಕೂಡ ಅರ್ಧ ತಾಸು ಮೊದಲೇ ಹೋಗಿ ನಿಲ್ಲುವವಳು.

ಗದಗಿನ ಶಾಂಭವಿ ಖಡಕ್ ರೊಟ್ಟಿ ಮಾಡುವ ಹೆಂಗಸರ ಸಂಘವೊಂದನ್ನು ನಡೆಸುತ್ತಿದ್ದಳು. ದುಬೈನ ಒಂದು ದೊಡ್ಡ ದಿನಸಿ ಕಂಪನಿ ಆ ರೊಟ್ಟಿಯ ರುಚಿ ನೋಡುತ್ತೇವೆ ಬನ್ನಿ ಎಂದು ಕರೆದಿತ್ತು. ಗುರುವಾರ ಸಂಜೆ ನಾಲ್ಕಕ್ಕೆ, ಅದೂ ಒಂದೇ ಸಲ. ಒಪ್ಪಿದರೆ ಸಂಘಕ್ಕೆ ವರ್ಷವಿಡೀ ಕೈತುಂಬ ಕೆಲಸ. ಇಲ್ಲವಾದರೆ ಬಾಡಿಗೆ ಶೆಡ್ಡಿಗೆ ಬೀಗ ಹಾಕಿ, ಹೆಂಗಸರೆಲ್ಲ ಮತ್ತೆ ಬುಟ್ಟಿ ಹೊತ್ತು ಓಣಿ ಓಣಿ ತಿರುಗಬೇಕು. ಇದನ್ನು ನೆನೆದು ನೆನೆದು ಶಾಂಭವಿಗೆ ವಾರದಿಂದ ಅನ್ನ ಸೇರುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಅವಳ ಕಾಕಾ ಪಂಚಾಕ್ಷರಪ್ಪನವರು ಶೆಡ್ಡಿಗೆ ಬಂದರು. ರೇಡಿಯೋ ರಿಪೇರಿಯ ಅಂಗಡಿ ಮುಚ್ಚಿದ ಮೇಲೆ ಹೊಸ ಯಂತ್ರ ಹುಟ್ಟಿಸುವುದೇ ಅವರ ಚಟ. ಕೈಯಲ್ಲೊಂದು ಹಿತ್ತಾಳೆ ಕಡಗವಿತ್ತು.

"ಇದರ ಹೆಸರು ಕಾಲಬಂಧು. ನಿನ್ನ ಫೋನಿನ ಕ್ಯಾಲೆಂಡರ್ ತಾನ ಓದತೈತಿ. ಭೇಟಿ ಯಾವ ಊರಿನ ಗಂಟೆಗೆ ಐತಿ, ಆ ಊರಿನ ಗಂಟೆಗೆ ನಿನ್ನ ನಿದ್ದಿ, ಹಸಿವಿ ಎರಡನ್ನೂ ಹೊಂದಸತೈತಿ. ಮ್ಯಾಲ ರಾಹುಕಾಲದಾಗ ಒಂದು ಕೆಲಸಾನೂ ಸುರು ಮಾಡಗೊಡೂದಿಲ್ಲ."

"ಲಿಂಗಾ ಕಟ್ಟಿದವರಿಗೆ ಎಲ್ಲಿ ರಾಹುಕಾಲರೀ?" ಎಂದರು ಕಾಕಿ ನೀಲವ್ವ, ಒಲೆಯ ಮುಂದಿನಿಂದ ತಲೆ ಎತ್ತದೆ.

"ನಿನಗ ವಿಜ್ಞಾನ ತಿಳಿಯೂದಿಲ್ಲ. ಸುಮ್ನ ರೊಟ್ಟಿ ಬಡಿ."

ಕಾಕಾ ಕಡಗ ತೊಟ್ಟು, ಚಿಕಾಗೋದಲ್ಲಿ ಒಂದು ಸುಳ್ಳು ಭೇಟಿ ಇದೆಯೆಂದು ಅದಕ್ಕೆ ಹೇಳಿದರು. ಗದಗಿನಲ್ಲಿ ಸುಡುವ ಬಿಸಿಲು, ಚಿಕಾಗೋದಲ್ಲಿ ನಡುರಾತ್ರಿ. ಮಾತಾಡುತ್ತಿದ್ದವರು ಜೋಳದ ಚೀಲದ ಮೇಲೆ ಒರಗಿ ಗೊರಕೆ ಹೊಡೆಯತೊಡಗಿದರು. ಸುಳ್ಳು ಭೇಟಿ ಮುಗಿದೊಡನೆ ಕಡಗ ಟಪ್ಪೆಂದು ಬಿಚ್ಚಿಕೊಂಡಿತು, ಕಾಕಾ ಎದ್ದು ಕೂತರು.

"ನೋಡಿದೇನು?"

"ಇದಕ್ಕ ಯಂತ್ರ ಯಾಕ ಬೇಕಿತ್ತು? ಉಂಡ ಮ್ಯಾಲ ದಿನಾ ಹಿಂಗ ಮಲಗತೀರಿ," ಎಂದರು ಕಾಕಿ.

ಬೇಡ ಎನ್ನಲು ಶಾಂಭವಿಗೆ ಬಾಯಿ ಬರಲಿಲ್ಲ. ಅಪ್ಪನಿಲ್ಲದ ಮನೆಯಲ್ಲಿ ಅವಳನ್ನು ಓದಿಸಿದ್ದು ಇದೇ ಕಾಕಾ. ಅವರು ಕಡಗವನ್ನು ಅವಳ ಕೈಗೆ ಹಾಕಿ ಒತ್ತಿದರು. "ಇನ್ನ ಭೇಟಿ ಮುಗಿಯೂತನಾ ಬಿಚ್ಚೂದಿಲ್ಲ. ಕಳ್ಳರ ಭಯಾನೂ ಇಲ್ಲ."

ಶಾಂಭವಿ ಕಡಗ ಎಳೆದು ನೋಡಿದಳು. ಅದು ಜಗ್ಗಲಿಲ್ಲ.

ಗುರುವಾರ ಮಧ್ಯಾಹ್ನ ಶಾಂಭವಿ ಮತ್ತು ಕಾಕಿ ರೊಟ್ಟಿಯ ಡಬ್ಬಿ, ಕೆಂಪು ಚಟ್ನಿಯ ಭರಣಿ ಹಿಡಿದು ದುಬೈನಲ್ಲಿ ಇಳಿದರು. ಇಳಿದ ಕೂಡಲೇ ಕಡಗ ಕಾಕಾನ ದನಿಯಲ್ಲಿ ಮಾತಾಡಿತು: "ಶಾಂಭವಿ, ಭೇಟಿ ಎರಡೂವರೆಗೆ."

ಅವಳು ಗಾಬರಿಯಿಂದ ಫೋನಿನ ಕ್ಯಾಲೆಂಡರ್ ನೋಡಿದಳು. ಅಲ್ಲಿಯೂ ಎರಡೂವರೆಯೇ. ಗದಗಿಗೆ ಫೋನು ಹಚ್ಚಿದಳು.

"ಕಾಕಾ, ನಾ ನಾಲ್ಕು ಅಂತ ಬರದಿದ್ದೆ."

"ಗದಗಿನಾಗ ಕುಂತು ಬರದಿಯಲ್ಲವ್ವಾ. ಅದು ಗದಗಿನ ನಾಲ್ಕು ಅಂತ ತಿಳಕೊಂಡೈತಿ. ಗದಗಿನಾಗ ನಾಲ್ಕಾದಾಗ ಅಲ್ಲಿ ಎರಡೂವರಿ. ಲೆಕ್ಕ ಬರೋಬರಿ ಐತಿ."

"ಲೆಕ್ಕ ಬರೋಬರಿ, ಭೇಟಿ ತಪ್ಪು. ಈಗೇನ ಮಾಡ್ಲಿ?"

"ಹೆದರಬ್ಯಾಡ. ಗುರುವಾರ ಎರಡೂವರಿ ಅಂದ್ರ ಅಲ್ಲಿ ರಾಹುಕಾಲ. ಕಡಗ ತಾನ ಮುಂದಕ್ಕ ಹಾಕತೈತಿ."

ಹಾಕಿಯೇಬಿಟ್ಟಿತು. ಅಷ್ಟೇ ಅಲ್ಲ, ಕಂಪನಿಯ ಕ್ಯಾಲೆಂಡರಿಗೂ ತಾನೇ ಸುದ್ದಿ ಕಳಿಸಿತು. ಮೂರಕ್ಕೆ ಅಲ್ಲಿನ ಸಾಹೇಬರಿಗೆ ಬಿಡುವಿಲ್ಲ. ನಾಲ್ಕನ್ನು ಕೇಳಿದರೆ ಆ ಹೊತ್ತು ಮೊದಲೇ ಭರ್ತಿಯಾಗಿತ್ತು. ಯಾರಿಂದ ಎಂದರೆ, ಶಾಂಭವಿಯ ಭೇಟಿಯಿಂದಲೇ. ಐದಕ್ಕೆ ಲಂಡನ್ನಿನಿಂದ ವಿಡಿಯೋದಲ್ಲಿ ಸೇರುವ ಅಧಿಕಾರಿಗೆ ಅವರೂರಿನ ರಾಹುಕಾಲ. ಶುಕ್ರವಾರಕ್ಕೆ ದಾಟಿಸಿದರೆ ಜಕಾರ್ತದ ಅಧಿಕಾರಿಯ ತಲೆಯ ಮೇಲೆ ರಾಹು.

"ಕಾಕಾ, ಅವರ್ಯಾರೂ ರಾಹುಕಾಲ ನೋಡೂದಿಲ್ಲ," ಎಂದು ಶಾಂಭವಿ ಟ್ಯಾಕ್ಸಿಯಲ್ಲಿ ಕೂತು ಕೂಗಿಕೊಂಡಳು.

"ಅವರು ನೋಡದಿದ್ರೇನಾತು, ರಾಹು ಅವರನ್ನ ನೋಡತಾನಲ್ಲ. ಅವಗ ಜಾತಿ, ದೇಶ ಇಲ್ಲ."

ಕಾಕಿ ಫೋನು ಕಸಿದುಕೊಂಡರು. "ನಿಮ್ಮ ತಲಿ ಮ್ಯಾಲ ಕುಂತಾಂವ ಯಾವಾಗ ಇಳಿತಾನಂತ ಕೇಳ್ರಿ ಮೊದಲ."

ಕಂಪನಿಯ ಕಟ್ಟಡ ಮುಟ್ಟಿದಾಗ ನಾಲ್ಕಕ್ಕೆ ಕೆಲವೇ ನಿಮಿಷ ಉಳಿದಿತ್ತು. ಖರೀದಿ ವಿಭಾಗದ ಜುಬೇರ್ ಸಾಹೇಬರು ಭಟ್ಕಳದವರು. ಕನ್ನಡ ಕೇಳಿ ಮುಖ ಅರಳಿಸಿದರೂ ಹಣೆಯ ಗಂಟು ಬಿಚ್ಚಿರಲಿಲ್ಲ.

"ಎಂತ ಮಾರಾಯ್ರೆ, ಮಧ್ಯಾಹ್ನದಿಂದ ನಿಮ್ಮ ಮೀಟಿಂಗ್ ಕಪ್ಪೆ ಕುಪ್ಪಳಿಸಿದ ಹಾಗೆ ಕುಪ್ಪಳಿಸ್ತಾ ಉಂಟು. ನಾವು ಹೇಳಿದ್ದು ನಾಲ್ಕು ಅಲ್ವಾ? ಆಡಿದ ಮಾತಿಗೆ ನಿಲ್ಲದವರ ಹತ್ರ ವ್ಯಾಪಾರ ಮಾಡುದು ಹೇಗೆ?"

ಶಾಂಭವಿ ಕೈ ಜೋಡಿಸಿದಳು. "ನಾಲ್ಕಕ್ಕೇ ಬಂದೇವ್ರಿ. ದಯಮಾಡಿ ಒಂದ ಸಲ ಕೂಡ್ರಿ."

ಸಾಹೇಬರು ಗಡಿಯಾರ ನೋಡಿ, ಅರೆಮನಸ್ಸಿನಿಂದ ಅವರನ್ನು ಕೋಣೆಗೆ ಕರೆದೊಯ್ದರು. ಗೋಡೆಯ ಪರದೆಯ ಮೇಲೆ ಲಂಡನ್, ಜಕಾರ್ತದ ಅಧಿಕಾರಿಗಳು ಮೂಡಿದರು. "ನಮ್ಮದು ಬುದ್ಧಿವಂತ ಕಟ್ಟಡ. ಮೀಟಿಂಗ್ ಎಲ್ಲಿಯದು ಅಂತ ಕ್ಯಾಲೆಂಡರ್ ನೋಡಿ ದೀಪ, ಕಿಟಕಿ ಪರದೆ, ತಂಪುಗಾಳಿ ಎಲ್ಲ ತಾನೇ ಹೊಂದಿಸ್ತದೆ," ಎಂದರು ಸಾಹೇಬರು.

ಅದೇ ಹೊತ್ತಿಗೆ ಕಡಗ ಸಂತೋಷದಿಂದ ಸಾರಿತು: "ರಾಹುಕಾಲ ಇಲ್ಲದ ಜಾಗಾ ಸಿಕ್ಕೈತಿ!"

ಕಾಕಾ ಅದಕ್ಕೆ ಕಲಿಸಿದ್ದು ಇಷ್ಟೇ: ಸೂರ್ಯ ಹುಟ್ಟಿ ಮುಳುಗುವ ನಡುವಿನ ಹೊತ್ತನ್ನು ಎಂಟು ಪಾಲು ಮಾಡಬೇಕು, ಅದರಲ್ಲೊಂದು ಪಾಲು ರಾಹುವಿನದು. ಅಂದರೆ ಸೂರ್ಯನೇ ಹುಟ್ಟದ ಊರಿನಲ್ಲಿ ರಾಹುವಿಗೆ ಪಾಲೇ ಇಲ್ಲ. ಆಗ ಡಿಸೆಂಬರ್. ಉತ್ತರಧ್ರುವದ ಕಡೆ ತಿಂಗಳುಗಟ್ಟಲೆ ಕತ್ತಲು. ಕಡಗ ಭೇಟಿಯನ್ನು ನೇರ ಅಲ್ಲಿಗೇ ವರ್ಗ ಮಾಡಿತ್ತು.

ಕಟ್ಟಡ ಕ್ಯಾಲೆಂಡರ್ ಓದಿತು. ಕಿಟಕಿಯ ಪರದೆಗಳು ಸರಸರ ಇಳಿದವು. ದೀಪ ಆರಿತು, ಗೋಡೆಯ ಪರದೆಯೂ ಕಪ್ಪಾಯಿತು. ಸೂರಿನಿಂದ ಮಂಜಿನಂಥ ಗಾಳಿ ಸುರಿಯತೊಡಗಿತು. ಬಾಗಿಲು, ಹೊರಗಿನ ಚಳಿ ಒಳಗೆ ಬರದಿರಲೆಂದು, ತಾನಾಗಿ ಬಿಗಿಯಾಯಿತು.

"ಎಂತದು ಇದು? ಬಾಗಿಲು ತೆರೀತಾ ಇಲ್ವಲ್ಲ," ಎಂಬ ಸಾಹೇಬರ ದನಿಯಲ್ಲಿ ಹಲ್ಲು ಕಟಕಟಿಸಿದ್ದು ಕೇಳಿಸಿತು.

ಶಾಂಭವಿ ಮಾತಾಡಲು ಎದ್ದಳು. ಕನ್ನಡಿಯ ಮುಂದೆ ನಿಂತು ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. "ನಮ್ಮ ಸಂಘದ ರೊಟ್ಟಿ..." ಎನ್ನುವಷ್ಟರಲ್ಲಿ ಧ್ರುವದ ಇರುಳು ಅವಳ ಮೈಗೂ ಇಳಿಯಿತು. ರೆಪ್ಪೆಗಳು ಭಾರವಾದವು. ಶೆಡ್ಡಿನ ಬಾಗಿಲಿಗೆ ಬೀಗ ಬಿದ್ದಂತೆ ಕಣ್ಣಿಗೆ ಕಟ್ಟಿತು. ಮಲಗಬಾರದು, ಮಲಗಬಾರದು ಎಂದುಕೊಳ್ಳುತ್ತಲೇ ಅವಳು ಮೇಜಿನ ಮೇಲೆ ಕುಸಿದು ನಿದ್ದೆ ಹೋದಳು.

ಇನ್ನು ಉಳಿದವರು ಕಾಕಿ. ಭಾಷಣ ಅವರಿಗೆ ಬಾರದು. ಕತ್ತಲಲ್ಲೇ ಡಬ್ಬಿ ತೆರೆದರು, ಚಟ್ನಿಯ ಮೇಲೆ ಶೇಂಗಾ ಎಣ್ಣೆ ಸುರಿದರು, ಕೈಗೆ ಸಿಕ್ಕ ಕೈಯಲ್ಲಿ ರೊಟ್ಟಿ ಇಟ್ಟರು.

"ಮಾತು ಬ್ಯಾಡ. ತಿನ್ರಿ. ಮೈ ಬೆಚ್ಚಗಾಕ್ಕೈತಿ."

ಕರುಂ ಎಂದು ಒಂದು ಸದ್ದು. ಆಮೇಲೆ ಒಂದು ದೀರ್ಘ ಉಸಿರು. "ಅಮ್ಮಾ, ಇನ್ನೊಂದು ಇದ್ರೆ ಕೊಡಿ," ಎಂದರು ಸಾಹೇಬರು. ಮಾದರಿಗೆಂದು ಮೊದಲೇ ಕಳಿಸಿದ್ದ ರೊಟ್ಟಿಯನ್ನು ಲಂಡನ್ನಿನವರೂ ಮುರಿಯುವ ಸದ್ದು ಕಪ್ಪಾದ ಪರದೆಯಿಂದ ಕೇಳಿಸುತ್ತಿತ್ತು. ಡಬ್ಬಿ ಖಾಲಿಯಾದ ಮೇಲೆ ಸಾಹೇಬರು ಫೋನಿನ ಬೆಳಕಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, "ಮೀಟಿಂಗ್ ಮುಗೀತು" ಎಂದರು.

ಕಡಗ ಟಪ್ಪೆಂದಿತು. ದೀಪ ಹೊತ್ತಿತು, ಬಾಗಿಲು ತೆರೆಯಿತು. ಶಾಂಭವಿ ಬೆಚ್ಚಿ ಎದ್ದು, ಬಿಟ್ಟಲ್ಲಿಂದ ಶುರುಮಾಡಿದಳು: "...ಬಹಳ ದಿನ ಕೆಡೂದಿಲ್ಲ."

"ಡಬ್ಬಿಯೊಳಗ ಉಳಿದ್ರಲ್ಲ ಕೆಡೂದು? ನಡಿ," ಎಂದರು ಕಾಕಿ.

ಈಗ ವಾರಕ್ಕೊಮ್ಮೆ ಗದಗಿನಿಂದ ರೊಟ್ಟಿ ಹೋಗುತ್ತಿದೆ. ಶೆಡ್ಡು ಸಾಲದೆ ಪಕ್ಕದ ಶೆಡ್ಡನ್ನೂ ಹಿಡಿದಿದ್ದಾರೆ. ಕಾಕಾ ಇದೆಲ್ಲ ತಮ್ಮ ಯಂತ್ರದ ಗುಣ ಎನ್ನುತ್ತಾರೆ, ಕಾಕಿ ಚಟ್ನಿಯ ಗುಣ ಎನ್ನುತ್ತಾರೆ. ಸಾಹೇಬರು ರೊಟ್ಟಿಯ ರುಚಿಗೆ ಒಪ್ಪಿದರೋ, ಚಳಿಗೆ ಒಪ್ಪಿದರೋ, ಬಾಗಿಲು ತೆರೆದರೆ ಸಾಕೆಂದು ಒಪ್ಪಿದರೋ, ಅದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಶಾಂಭವಿ ಕೇಳಿಲ್ಲ.