ನಮ್ಮ ಗೇಮು ಬಹಳ ಚೆನ್ನಾಗಿದೆಯಂತೆ

ಜನ ಹೊಗಳುವ ವಸ್ತು ಬೇರೆ, ಕೊಳ್ಳುವ ವಸ್ತು ಬೇರೆ ಎಂಬುದು ನನಗೆ ತಡವಾಗಿ ಗೊತ್ತಾಯಿತು. ಮದುವೆ ಊಟದಲ್ಲಿ ಹಾಗಲಕಾಯಿ ಗೊಜ್ಜನ್ನು ಎಲ್ಲರೂ ಹೊಗಳುತ್ತಾರೆ. ಆರೋಗ್ಯಕ್ಕೆ ಇಂಥದ್ದು ಇನ್ನೊಂದಿಲ್ಲ ಎನ್ನುತ್ತಾರೆ. ಎರಡನೇ ಸಲ ಬಡಿಸಲು ಬಂದರೆ ಮಾತ್ರ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಬೋಂಡದ ಬಗ್ಗೆ ಯಾರೂ ಒಂದು ಒಳ್ಳೆಯ ಮಾತಾಡುವುದಿಲ್ಲ, ಆದರೆ ಅದು ಕೊನೆಯ ಪಂಕ್ತಿಯವರೆಗೂ ಉಳಿದದ್ದನ್ನು ನಾನು ಕಂಡಿಲ್ಲ. ನಾನು ಹೊಟ್ಟೆಪಾಡಿಗೆ ಬರೆಯುವುದು ಗೊಜ್ಜಿನ ಜಾತಿಗೆ ಸೇರಿದ್ದು.

ನಾನು ವಿಡಿಯೋ ಗೇಮುಗಳಿಗೆ ಸಂಭಾಷಣೆ ಬರೆಯುತ್ತೇನೆ. ಜೆ.ಪಿ. ನಗರದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ ನಮ್ಮ ಪುಟ್ಟ ಆಫೀಸು. ಈ ಕೆಲಸ ನೆಂಟರಿಗೆ ಅರ್ಥವಾಗುವುದಿಲ್ಲ. "ಗೇಮಲ್ಲಿ ಏನಮ್ಮಾ ಮಾತು? ಡಿಶುಂ ಡಿಶುಂ ಅಂತ ಬರೀತೀಯಾ?" ಎಂದು ನಮ್ಮ ಸೋದರಮಾವ ಒಂದು ನಾಮಕರಣದಲ್ಲಿ ಕೇಳಿದ್ದರು. ನಮ್ಮ ಗೇಮಿನಲ್ಲಿ ಡಿಶುಂ ಇಲ್ಲ. ಅದರ ಹೆಸರು 'ಬೀಗದ ಮನೆ'. ಆಡುವವರು ಬೀಗ ರಿಪೇರಿ ಮಾಡುವ ಹೆಂಗಸಾಗಿ ಹಳೆಯ ಮನೆಗಳಿಗೆ ಹೋಗಬೇಕು. ಪ್ರತಿ ಮನೆಯಲ್ಲೂ ಮುಚ್ಚಿಟ್ಟ ಕೋಣೆಯೊಂದಿರುತ್ತದೆ. ಬೀಗ ತೆಗೆಯುವುದು ಸುಲಭ. ಕೋಣೆಯನ್ನು ಯಾಕೆ ಮುಚ್ಚಿದರು ಎಂದು ಮನೆಯವರ ಬಾಯಿಂದ ಹೇಳಿಸುವುದು ಕಷ್ಟ. ನಾನು ಬರೆಯುವುದು ಆ ಮನೆಯವರ ಮಾತು, ಹೆಚ್ಚಾಗಿ ಅವರು ನುಂಗಿಕೊಂಡ ಮಾತು.

ಇದರ ಮೂರನೇ ಭಾಗ ಹೊರಬಂದಾಗ ವಿಮರ್ಶಕರು ಕೊಂಡಾಡಿಬಿಟ್ಟರು. ಒಬ್ಬರು ಅದರ ನಿಧಾನವನ್ನು ಮೆಚ್ಚಿದರು, ಇನ್ನೊಬ್ಬರು ಮೌನವನ್ನು. ಮತ್ತೊಬ್ಬರು ತಾಳ್ಮೆಯಿದ್ದವರಿಗೆ ಇದರಲ್ಲಿ ಬೇಕಾದಷ್ಟಿದೆ ಎಂದರು. ನಾವು ಅವನ್ನೆಲ್ಲ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆವು. ಔಷಧಿ ಬಾಟಲಿಯ ಮೇಲಿನ ಎಚ್ಚರಿಕೆಯೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿರುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಗೇಮು ತೀರಾ ಮುಳುಗಲಿಲ್ಲ, ಆದರೆ ಖರ್ಚು ಹುಟ್ಟುವಷ್ಟಕ್ಕೇ ನಿಂತಿತು. ಒಂದು ಸೋಮವಾರ ನಮ್ಮ ಮಾಲೀಕರಾದ ರವೀಂದ್ರ ಎಲ್ಲರನ್ನೂ ಕೂರಿಸಿಕೊಂಡರು. ಅವರು ಕೂಗಾಡುವ ಮನುಷ್ಯರಲ್ಲ. "ಗೋಡೇಲಿ ಜಾಗ ಇಲ್ಲದಷ್ಟು ಹೊಗಳಿಕೆ ಬಂದಿದೆ. ಓನರಿಗೆ ಬಾಡಿಗೆ ಬದಲು ಇದನ್ನೇ ಕೊಟ್ರೆ ತಗೋತಾರಾ?" ಎಂದರು. ಬೇಡಿಕೆ ಇಲ್ಲದಿದ್ದರೆ ನಾಲ್ಕನೇ ಭಾಗ ಕೈಬಿಟ್ಟು, ಫೋನಿನಲ್ಲಿ ಒಂದೇ ಬಣ್ಣದ ಬಳೆ ಜೋಡಿಸುವ ಆಟ ಮಾಡುವುದೆಂದು ಯೋಚಿಸಿದ್ದರು. ಅದಕ್ಕೂ ಮುಂಚೆ ನಾವೆಲ್ಲ ನಮ್ಮ ನಮ್ಮ ಪರಿಚಯದವರನ್ನು ಯಾಕೆ ಕೊಳ್ಳಲಿಲ್ಲ ಎಂದು ಕೇಳಿ ಬರಬೇಕಿತ್ತು. ನಾಲ್ಕನೇ ಭಾಗದ ಮೊದಲ ಮನೆಯ ಅಜ್ಜಿ ಆಗಲೇ ನನ್ನ ತಲೆಯಲ್ಲಿ ಮಾತಾಡತೊಡಗಿದ್ದಳು. ಬಳೆಗಳಿಗೆ ಬಾಯಿಲ್ಲ.

ಮೊದಲು ಬಿಳೇಕಹಳ್ಳಿಯಲ್ಲಿರುವ ಚಿಕ್ಕಮ್ಮನ ಮಗ ಪ್ರಮೋದನ ಮನೆಗೆ ಹೋದೆ. ಅವನು ಗೇಮುಗಳಿಗಾಗಿಯೇ ಕುರ್ಚಿ ತರಿಸಿಕೊಂಡವನು. ನಮ್ಮ ಗೇಮಿನ ಬಗ್ಗೆ ಅಂತರ್ಜಾಲದಲ್ಲಿ ಉದ್ದಕ್ಕೆ ಹೊಗಳಿ ಬರೆದಿದ್ದ.

"ಸಖತ್ತಾಗಿದೆ ಅಕ್ಕ. ಆ ಮೇಷ್ಟ್ರ ಮನೆ ಬಾಗಿಲು ತೆಗೆದಾಗ ಕಣ್ಣಲ್ಲಿ ನೀರೇ ಬಂದ್ಬಿಡ್ತು," ಎಂದ.

"ಆ ಬಾಗಿಲು ತೆಗೆಯೋಕೆ ನಿಂಗೆ ಎಷ್ಟು ಹೊತ್ತು ಹಿಡೀತು?"

"ನಾನೆಲ್ಲಿ ತೆಗೆದೆ? ಯಾರೋ ಪೂರ್ತಿ ಆಡಿ ವಿಡಿಯೋ ಹಾಕಿದ್ದ, ನೋಡ್ದೆ. ಎಲ್ಲಾ ಗೊತ್ತಾದ್ಮೇಲೆ ಕೊಂಡ್ಕೊಂಡು ಏನ್ಮಾಡ್ಲಿ? ಅದೇ ವಾರ ಫುಟ್‌ಬಾಲ್ ಗೇಮೂ ಬಂತಲ್ಲ, ಅದನ್ನ ಫ್ರೆಂಡ್ಸ್ ಜೊತೆ ಆಡಲೇಬೇಕಿತ್ತು."

ಅವನ ಕಣ್ಣೀರಿನಲ್ಲಿ ನಮ್ಮ ಪಾಲು ಏನೂ ಇರಲಿಲ್ಲ. ಚಿಕ್ಕಮ್ಮ ಕೊಟ್ಟ ಚಕ್ಕುಲಿ ಕಟ್ಟಿಸಿಕೊಂಡು ಬಂದೆ.

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಶಾರದಮ್ಮನವರು ನಿವೃತ್ತ ಭೌತಶಾಸ್ತ್ರ ಮೇಡಂ. ಅವರು ನಿಜವಾಗಿಯೂ ದುಡ್ಡು ಕೊಟ್ಟು ಕೊಂಡಿದ್ದರು, ಆದರೆ ಮೊದಲನೇ ಭಾಗವನ್ನು. "ಮೊದಲನೇದು ಗೊತ್ತಿಲ್ದೆ ಮೂರನೇದಕ್ಕೆ ಹೇಗೆ ಕೈ ಹಾಕೋದು ವತ್ಸಲಾ? ಕ್ರಮ ಅಂತ ಒಂದಿದೆಯಲ್ಲ," ಎಂದರು. ಯಾವ ಭಾಗದಿಂದ ಬೇಕಾದರೂ ಶುರುಮಾಡಬಹುದು ಎಂದರೂ ಅವರು ಒಪ್ಪಲಿಲ್ಲ. ಹೋಗಲಿ, ಎಲ್ಲಿಯವರೆಗೆ ಬಂದಿದ್ದೀರಿ ಎಂದು ಕೇಳಿದೆ. ಮೊದಲ ಮನೆಯ ಅಡುಗೆಮನೆಯಲ್ಲೇ ಇದ್ದರು. "ಆಯಮ್ಮ ಒಗ್ಗರಣೆ ಹಾಕ್ತಾ ಮಾತಾಡೋದು ಕೇಳೋಕೆ ಎಷ್ಟು ಚೆಂದ. ಸಾಯಂಕಾಲ ಹೋಗಿ ಅವಳ ಹತ್ರ ಕೂತ್ಕೋತೀನಿ. ಆ ಕೋಣೆ ತೆಗೆದ್ರೆ ಮುಗಿದೇಹೋಗುತ್ತಲ್ಲ, ಅದಕ್ಕೆ ತೆಗೆದಿಲ್ಲ."

ಬರೆದವಳಾಗಿ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಮೆಟ್ಟಿಲಿಳಿಯುವಾಗ ಲೆಕ್ಕ ಹಾಕಿದೆ. ಶಾರದಮ್ಮನವರಂಥ ಅಭಿಮಾನಿಗಳು ಊರು ತುಂಬ ಇದ್ದರೂ ನಾಲ್ಕನೇ ಭಾಗ ಯಾರಿಗೂ ಬೇಕಾಗುವುದಿಲ್ಲ.

ಉಳಿದವರು ನನ್ನ ಗಂಡ ಪ್ರಸಾದ್. ಅವರು ದಿನವೂ ಮೆಟ್ರೋದಲ್ಲಿ ಫೋನಿನ ಕ್ರಿಕೆಟ್ ಆಡುತ್ತಾರೆ. ಅದರಲ್ಲಿ ಬ್ಯಾಟನ್ನೂ ಕೊಂಡಿದ್ದಾರೆ, ಮುಟ್ಟಲಾಗದ ಬ್ಯಾಟು. ನಮ್ಮ ಗೇಮು ಅವರ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆಯಾಗಿಯೇ ಇದೆ.

"ನೀವು ಯಾಕೆ ಆಡಲ್ಲ? ಬೇಜಾರು ಮಾಡ್ಕೊಳಲ್ಲ, ನಿಜ ಹೇಳಿ," ಎಂದೆ.

ಅವರು ಬಟ್ಟೆ ಮಡಚುವುದನ್ನು ನಿಲ್ಲಿಸಿ ಯೋಚಿಸಿದರು. "ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಅದಕ್ಕೇ ಭಯ. ಚೆನ್ನಾಗಿರೋದಕ್ಕೆ ಮನಸ್ಸು ಕೊಡಬೇಕು. ಸಿಲ್ಕ್ ಬೋರ್ಡಿನ ನೂಕುನುಗ್ಗಲು ದಾಟಿ ಮನೆಗೆ ಬರೋಷ್ಟರಲ್ಲಿ ನನ್ನ ಹತ್ರ ಅದು ಉಳಿದಿರಲ್ಲ. ಒಂದು ಒಳ್ಳೇ ದಿನ ನೋಡಿ ಆಡೋಣ ಅಂತ ಇಟ್ಟಿದೀನಿ."

ಆ ಒಳ್ಳೇ ದಿನ ಯಾವಾಗ ಎಂದು ಕೇಳಲಿಲ್ಲ. ನಮ್ಮ ಬೀರುವಿನಲ್ಲಿ ಒಳ್ಳೇ ದಿನಕ್ಕೆಂದು ಎತ್ತಿಟ್ಟ ಸೀರೆಗಳ ಕಥೆಯೂ ಅಷ್ಟೆ, ಮಡಿಕೆಯಲ್ಲೇ ಸೀಳಿಹೋಗುತ್ತವೆ. ಕ್ರಿಕೆಟ್ ಗೇಮಿಗೆ ಮುಹೂರ್ತ ನೋಡುವುದಿಲ್ಲ, ಅದಕ್ಕೇ ಅದು ಗೆದ್ದಿದೆ.

ಮುಂದಿನ ಸಭೆಯಲ್ಲಿ ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಉಳಿದವರು ತಂದದ್ದೂ ಇಂಥವೇ ಉತ್ತರ. ಬೈದವರು ಒಬ್ಬರೂ ಇರಲಿಲ್ಲ. "ಬೈದಿದ್ರೆ ಸರಿಮಾಡಬಹುದಿತ್ತು. ಮೆಚ್ಚಿದವರನ್ನ ಏನು ಮಾಡೋದು?" ಎಂದು ರವೀಂದ್ರ ಹಣೆ ತಿಕ್ಕಿಕೊಂಡರು. ಮೊದಲು ಬಳೆ ಆಟ ಮಾಡೋಣ, ಅದು ದುಡಿದರೆ ನಾಲ್ಕನೇ ಭಾಗ ಎಂದು ತೀರ್ಮಾನ ಕೊಟ್ಟರು. ನನಗೆ ಒಂದು ಸಮಾಧಾನವನ್ನೂ ಇಟ್ಟಿದ್ದರು. ಒಂದೊಂದು ಮಟ್ಟ ಗೆದ್ದಾಗಲೂ ಬಳೆ ಮಾರುವ ಅಕ್ಕ ಒಬ್ಬಳು ಬಂದು ಒಂದು ಮಾತು ಹೇಳುತ್ತಾಳೆ, ಅದನ್ನು ನಾನು ಬರೆಯಬೇಕು.

ಬರೆದೆ. ಸೇಡಿಗೆ ಬಿದ್ದವಳಂತೆ ಚೆನ್ನಾಗಿ ಬರೆದೆ. ಆ ಅಕ್ಕನಿಗೆ ತವರು ಕೊಟ್ಟೆ, ಮಾತು ಬಿಟ್ಟ ತಂಗಿಯನ್ನು ಕೊಟ್ಟೆ, ಮದುವೆಮನೆಯಲ್ಲಿ ತೊಡಿಸುತ್ತಿದ್ದ ಬಳೆ ಕೈಯಲ್ಲೇ ಒಡೆದ ಒಂದು ಪ್ರಸಂಗ ಕೊಟ್ಟೆ. ಆಟವನ್ನು ಯಾರೂ ಹೊಗಳಲಿಲ್ಲ, ಯಾವ ವಿಮರ್ಶಕರೂ ತಿರುಗಿ ನೋಡಲಿಲ್ಲ. ಜನ ಮಾತ್ರ ಆಡುತ್ತಲೇ ಹೋದರು. ನಾಲ್ಕನೇ ಭಾಗಕ್ಕೆ ಒಪ್ಪಿಗೆ ಸಿಕ್ಕಿತು.

ಆ ಸುದ್ದಿ ಬಂದ ಸಂಜೆ ಬನಶಂಕರಿ ಕಡೆಗೆ ಮೆಟ್ರೋ ಹತ್ತಿದೆ. ಕೂರಲು ಜಾಗ ಸಿಕ್ಕಿತು. ಇಳಿಯುವಷ್ಟರಲ್ಲಿ ಒಂದು ಮಟ್ಟ ಮುಗಿಸೋಣವೆಂದು ಬಳೆ ಆಟ ತೆರೆದೆ. ಹಸಿರು ಬಳೆಗಳು ಒಂದಾಗಿ ಫಳಫಳ ಉದುರಿದವು. ಬಳೆ ಅಕ್ಕ ತೆರೆಯ ಮೇಲೆ ಬಂದು, ತಂಗಿಯ ವಿಷಯ ಹೇಳಲೆಂದು ಬಾಯಿ ತೆರೆದಳು. ಮುಂದಿನ ಮಟ್ಟ ಕಾಯುತ್ತಿತ್ತು, ನಿಲ್ದಾಣ ಹತ್ತಿರವಾಗುತ್ತಿತ್ತು. ನನ್ನ ಹೆಬ್ಬೆರಳು ತಾನಾಗಿ ಮೂಲೆಗೆ ಹೋಗಿ 'ಸ್ಕಿಪ್' ಒತ್ತಿತು.